ಕತ್ತಿಹಲ್ಲಿನ ಬೇಟೆಪ್ರಾಣಿಗಳ ತಲೆಬುರುಡೆ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆಯ ಜಗುಲಿಗೆ ಹೊಂದಿಕೊಂಡಿರುವ ಕೋಣೆಯಲ್ಲಿ 11 ತಲೆಬುರುಡೆಗಳಿವೆ. ಕಾರವಾರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ದಿನಗಳಲ್ಲಿ ಪಾಠಕ್ಕೆಂದು ತರಿಸಿದ ಒಂದು ಎರಕದ ಬುರುಡೆಯಿಂದ ಈ ಸಂಗ್ರಹ ಶುರುವಾಯಿತು. ನೋಡಲು ಬಂದವರು, ಫೋನಿನಲ್ಲಿ ವಿಚಾರಿಸುವವರು, ಮದುವೆ ಮುಂಜಿಗಳಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರು ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಅವೇ ಪ್ರಶ್ನೆಗಳಾದ್ದರಿಂದ, ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಕತ್ತಿಹಲ್ಲಿನ ಹುಲಿ ಎನ್ನುತ್ತಾರಲ್ಲ, ಅದು ನಮ್ಮ ಹುಲಿಯ ಪೂರ್ವಜನೇ?

ಅಲ್ಲ. ಈ ಗುಂಪಿನಲ್ಲಿ ಹೆಚ್ಚು ಹೆಸರಾದ ಸ್ಮೈಲೋಡಾನ್ ಬೆಕ್ಕಿನ ಕುಟುಂಬಕ್ಕೆ ಸೇರಿದ ಪ್ರಾಣಿಯೇನೋ ಹೌದು; ಆದರೆ ಅದರ ವಂಶವು ಇಂದಿನ ಹುಲಿ, ಸಿಂಹ, ಚಿರತೆ, ಮನೆಬೆಕ್ಕು ಇವೆಲ್ಲವುಗಳ ವಂಶದಿಂದ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕವಲೊಡೆದಿತ್ತೆಂದು ಪಳೆಯುಳಿಕೆಗಳಿಂದ ತೆಗೆದ ಡಿಎನ್‌ಎ ತೋರಿಸಿಕೊಟ್ಟಿದೆ. ಹಾಗೆ ನೋಡಿದರೆ ಹುಲಿಗೆ ನಮ್ಮ ಅಡುಗೆಮನೆಯ ಬೆಕ್ಕೇ ಸ್ಮೈಲೋಡಾನ್‌ಗಿಂತ ಹತ್ತಿರದ ನೆಂಟ.

ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕತ್ತಿಯಂತಹ ಕೋರೆಹಲ್ಲು ಒಂದೇ ಮನೆತನದ ಆಸ್ತಿಯಲ್ಲ. ಬೆಕ್ಕುಗಳೇ ಅಲ್ಲದ ನಿಮ್ರಾವಿಡ್ ಎಂಬ ಗುಂಪಿನಲ್ಲಿ ಅದು ಬೆಕ್ಕುಗಳಿಗಿಂತ ಮೊದಲೇ ಬಂದು ಹೋಯಿತು. ದಕ್ಷಿಣ ಅಮೆರಿಕದಲ್ಲಿ ಕಾಂಗರೂಗಳ ದೂರದ ಬಂಧುವಾದ ಥೈಲಕೋಸ್ಮೈಲಸ್‌ನಲ್ಲಿ ಅದು ಬೇರೆಯಾಗಿಯೇ ಹುಟ್ಟಿತು. ಡೈನೋಸಾರ್‌ಗಳ ಕಾಲಕ್ಕೂ ಮೊದಲು, 25 ಕೋಟಿ ವರ್ಷಗಳಿಗಿಂತ ಹಿಂದೆ, ಸಸ್ತನಿಗಳ ಕವಲಿಗೆ ಸೇರಿದ ಗೋರ್ಗೊನಾಪ್ಸಿಡ್‌ಗಳೂ ಇಂಥದೇ ಹಲ್ಲು ಹೊತ್ತು ಓಡಾಡಿದ್ದವು. ಆದ್ದರಿಂದ ‘ಕತ್ತಿಹಲ್ಲಿನ ಹುಲಿ’ ಎನ್ನುವ ಬದಲು ‘ಕತ್ತಿಹಲ್ಲಿನ ಬೇಟೆಪ್ರಾಣಿಗಳು’ ಎಂದು ಬಹುವಚನದಲ್ಲಿ ಹೇಳುವುದೇ ಸರಿ. ನನ್ನ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತ ಬುರುಡೆಗಳಲ್ಲಿ ಕೆಲವಕ್ಕೆ ಒಂದಕ್ಕೊಂದು ಆನೆಗೂ ಇಲಿಗೂ ಇರುವಷ್ಟು ನೆಂಟಸ್ತನವೂ ಇಲ್ಲ.

ಇವು ನಮ್ಮ ಜಿಲ್ಲೆಯಲ್ಲಿ ಸಿಗುತ್ತವೆಯೇ? ಯಾಣದ ಗುಹೆಯಲ್ಲಿ ಹುಡುಕಿದ್ದೀರಾ?

ಉತ್ತರ ಕನ್ನಡದಲ್ಲಿ ಸಿಗುವುದಿಲ್ಲ, ಸಿಗದಿರುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಘಟ್ಟದ ಮೇಲಿನ ಮತ್ತು ಕೆಳಗಿನ ನಮ್ಮ ಬಂಡೆಗಳು ಬಹುಪಾಲು 200 ಕೋಟಿ ವರ್ಷಗಳಿಗೂ ಹಳೆಯವು. ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರಗಳೂ ಆ ಪುರಾತನ ಸಾಲಿಗೇ ಸೇರಿದವು. ಜಗತ್ತಿನಲ್ಲಿ ಮೂಳೆಯೆಂಬುದೇ ಹುಟ್ಟುವುದಕ್ಕೆ ಬಹಳ ಮೊದಲು ತಯಾರಾದ ಬಂಡೆಯಲ್ಲಿ ಬುರುಡೆಯನ್ನು ಹುಡುಕುವುದು, ಗದ್ದೆ ಉಳುವ ಮೊದಲೇ ಕಣಜದಲ್ಲಿ ಭತ್ತ ಹುಡುಕಿದಂತೆ. ಇನ್ನು ಮೇಲಿನ ಚಿರೆಕಲ್ಲು ಮತ್ತು ಕೆಂಪುಮಣ್ಣಿನ ವಿಚಾರ ಹೇಳುವುದಾದರೆ, ಧಾರಾಕಾರ ಮಳೆಗೆ ಹುಳಿಯಾದ ಆ ಮಣ್ಣು ಮೂಳೆಯ ಸುಣ್ಣವನ್ನು ಕರಗಿಸಿಬಿಡುತ್ತದೆ. ತೋಟದಲ್ಲಿ ಹೂತ ಎಮ್ಮೆಯ ಎಲುಬು ಎಷ್ಟು ಬೇಗ ಪುಡಿಯಾಗುತ್ತದೆಂಬುದನ್ನು ನಮ್ಮಲ್ಲಿ ಎಲ್ಲರೂ ಕಂಡವರೇ.

ಹೀಗಿದ್ದರೂ ವರ್ಷಕ್ಕೆ ನಾಲ್ಕಾರು ಜನ ‘ಕತ್ತಿಹಲ್ಲು’ ತಂದು ತೋರಿಸುತ್ತಾರೆ. ಇದುವರೆಗೆ ಬಂದದ್ದರಲ್ಲಿ ಹೆಚ್ಚಿನವು ಕಾಡುಹಂದಿಯ ಕೋರೆ, ಉಳಿದವು ನೀರು ಸವೆಸಿದ ಕಲ್ಲು. ಹಂದಿಯ ಕೋರೆಯನ್ನು ಅಡ್ಡಡ್ಡ ನೋಡಿದರೆ ಮೂರು ಮೂಲೆ ಕಾಣುತ್ತದೆ. ಸ್ಮೈಲೋಡಾನ್‌ನದು ಎರಡು ಬದಿಯಿಂದ ಒತ್ತಿದ ಹುಣಸೆಬೀಜದಂತೆ ಚಪ್ಪಟೆ. ಇಷ್ಟು ನೆನಪಿಟ್ಟುಕೊಂಡರೆ ಶಿರಸಿಯವರೆಗಿನ ಬಸ್ಸಿನ ಖರ್ಚು ಉಳಿಯುತ್ತದೆ.

ಹಾಗಾದರೆ ಭಾರತದಲ್ಲಿ ಇವು ಇರಲೇ ಇಲ್ಲವೇ?

ಇದ್ದವು; ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ ಅವುಗಳ ಪಳೆಯುಳಿಕೆ ಸಿಕ್ಕಿದೆ. 1830ರ ದಶಕದಲ್ಲಿ ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕನಾಗಿದ್ದ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೋಬಿ ಕಾಟ್ಲಿ ಇಬ್ಬರೂ ಸೇರಿ ಅಲ್ಲಿ ಆನೆ, ನೀರಾನೆ, ಜಿರಾಫೆಯ ಬಂಧುಗಳು, ದೈತ್ಯ ಆಮೆ ಮುಂತಾದವುಗಳ ರಾಶಿಯನ್ನೇ ಅಗೆದು ತೆಗೆದರು. ಆ ಕೆಲಸಕ್ಕೆ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವು ಅವರಿಬ್ಬರಿಗೂ ವೊಲಾಸ್ಟನ್ ಪದಕ ನೀಡಿತು. ಶಿವಾಲಿಕ್‌ನ ಕತ್ತಿಹಲ್ಲಿನ ಬೆಕ್ಕೊಂದು ಮೆಗಾಂಟೀರಿಯನ್ ಫಾಲ್ಕನೇರಿ ಎಂದು ಫಾಲ್ಕನರ್‌ನ ಹೆಸರನ್ನೇ ಹೊತ್ತಿದೆ. ಸಂಗ್ರಹದ ದೊಡ್ಡ ಪಾಲು ಹಡಗು ಹತ್ತಿ ಲಂಡನ್ ಸೇರಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲೇ ನೋಡಬೇಕೆಂದಿದ್ದರೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಶಿವಾಲಿಕ್ ವಿಭಾಗಕ್ಕೆ ಹೋಗಬಹುದು. ಹಿಮಾಚಲ ಪ್ರದೇಶದ ಸುಕೇತಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು 1974ರಲ್ಲಿ ತೆರೆದ ಪಳೆಯುಳಿಕೆ ಉದ್ಯಾನವೂ ಇದೆ. ಅಲ್ಲಿ ಬಯಲಲ್ಲಿ ನಿಲ್ಲಿಸಿದ ಫೈಬರ್‌ಗ್ಲಾಸ್ ಮಾದರಿಗಳಲ್ಲಿ ಕತ್ತಿಹಲ್ಲಿನ ಬೆಕ್ಕೂ ಒಂದು.

ನಿಮ್ಮಲ್ಲಿರುವ ಬುರುಡೆಗಳು ಅಸಲಿಯೇ?

ಒಂಬತ್ತು ಪ್ರತಿಕೃತಿಗಳು, ಒಂದು ಅಸಲಿ, ಇನ್ನೊಂದು ಅರೆ ಅಸಲಿ. ಆ ಅರೆ ಅಸಲಿಯ ಕತೆಯನ್ನು ಮುಂದೆ ಹೇಳುತ್ತೇನೆ.

ಪ್ರತಿಕೃತಿ ಎಂದೊಡನೆ ಬಂದವರ ಮುಖ ಬಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದರೆ ವಸ್ತುಸಂಗ್ರಹಾಲಯದ ಮೂಲ ಬುರುಡೆಯಿಂದಲೇ ಸಿಲಿಕೋನ್ ಅಚ್ಚು ತೆಗೆದು, ಅದರಲ್ಲಿ ರೆಸಿನ್ (ಎರೆದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ಕಿನಂಥ ದ್ರವ) ಎರೆದು ಮಾಡಿದ ಒಳ್ಳೆಯ ಪ್ರತಿಕೃತಿಯಲ್ಲಿ ಹಲ್ಲಿನ ಮೇಲಿನ ಸವೆತದ ಗೀರೂ, ನರ ಹಾದುಹೋಗುವ ರಂಧ್ರವೂ, ಬದುಕಿದ್ದಾಗ ಆದ ಗಾಯ ಮಾಗಿದ ಉಬ್ಬೂ ಇದ್ದಲ್ಲೇ ಇರುತ್ತವೆ. ಅದರ ಅಡಿಯಲ್ಲಿ ಮೂಲ ಬುರುಡೆ ಯಾವ ಸಂಗ್ರಹಾಲಯದ್ದು, ಎಷ್ಟನೆಯ ನಮೂನೆ, ಎಲ್ಲಿ ಸಿಕ್ಕಿದ್ದು ಎಂದು ಬರೆದಿರುತ್ತದೆ. ಊರು ಕೇರಿ ಗೊತ್ತಿಲ್ಲದ ಅಸಲಿ ಬುರುಡೆಗಿಂತ ವಿಳಾಸ ಗೊತ್ತಿರುವ ಪ್ರತಿಕೃತಿ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ಪದರದಲ್ಲಿ, ಯಾವ ಪ್ರಾಣಿಗಳ ಎಲುಬಿನ ಜೊತೆಗೆ ಸಿಕ್ಕಿತೆಂಬ ಮಾಹಿತಿ ಕಳೆದುಹೋದ ಪಳೆಯುಳಿಕೆಯು ಸರ್ವೆ ನಂಬರ್ ಇಲ್ಲದ ಪಹಣಿಯಂತೆ: ಕಾಗದ ಕೈಯಲ್ಲಿರುತ್ತದೆ, ಜಮೀನು ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ.

ಹೊಸದಾಗಿ ಶುರುಮಾಡುವವರು ಮೊದಲು ಯಾವ ಬುರುಡೆಯನ್ನು ತರಿಸಬೇಕು?

ಸ್ಮೈಲೋಡಾನ್ ಫಟಾಲಿಸ್‌ನ ಪ್ರತಿಕೃತಿಯನ್ನು ತರಿಸಿ. ಸುಲಭವಾಗಿ ಸಿಗುವುದೂ ಅದೇ, ಹೆಚ್ಚು ಅಧ್ಯಯನ ನಡೆದಿರುವುದೂ ಅದರ ಮೇಲೆಯೇ. ಬುರುಡೆಯ ಉದ್ದ ಸುಮಾರು 30 ಸೆಂಟಿಮೀಟರ್ ಇರುವುದರಿಂದ ಸಾಧಾರಣ ಕಪಾಟಿನಲ್ಲಿ ಕೂರುತ್ತದೆ. ದಕ್ಷಿಣ ಅಮೆರಿಕದ ಸ್ಮೈಲೋಡಾನ್ ಪಾಪ್ಯುಲೇಟರ್ ಅದಕ್ಕಿಂತ ಬಹಳ ದೊಡ್ಡದು. ಡೆನ್ಮಾರ್ಕಿನ ಪೀಟರ್ ವಿಲ್ಹೆಲ್ಮ್ ಲುಂಡ್ ಬ್ರೆಜಿಲಿನ ಲಾಗೋವಾ ಸಾಂತಾದ ಗುಹೆಗಳಲ್ಲಿ ಸಿಕ್ಕ ಎಲುಬುಗಳಿಂದ 1842ರಲ್ಲಿ ಅದಕ್ಕೆ ಹೆಸರಿಟ್ಟ. ಅದರ ಕೋರೆಹಲ್ಲು ಬೇರೂ ಸೇರಿ 28 ಸೆಂಟಿಮೀಟರ್‌ವರೆಗೆ ಬೆಳೆಯುತ್ತಿತ್ತು. ಆಸೆಪಟ್ಟು ಮೊದಲಿಗೇ ಅದನ್ನು ತರಿಸಿದರೆ ಇಡಲು ಹೊಸ ಕಪಾಟು ಮಾಡಿಸಬೇಕಾಗುತ್ತದೆ.

ಎರಡನೆಯದು ಹೋಮೋಥೀರಿಯಂ ಎಂಬ ಇನ್ನೊಂದು ಕತ್ತಿಹಲ್ಲಿನ ಬೆಕ್ಕು ಆಗಲಿ. ಸ್ಮೈಲೋಡಾನ್‌ನ ಹಲ್ಲನ್ನು ಬಾಕುವಿಗೆ ಹೋಲಿಸಿದರೆ ಹೋಮೋಥೀರಿಯಂನ ಹಲ್ಲು ಗಿಡ್ಡ, ತೆಳು ಮತ್ತು ಅಂಚಿನಲ್ಲಿ ಒರಟಾದ ಗರಗಸ. ಭತ್ತ ಕೊಯ್ಯುವ ಹಲ್ಲುಗತ್ತಿಯ ಮೇಲೆ ಬೆರಳಾಡಿಸಿದವರಿಗೆ ತಕ್ಷಣ ಅರ್ಥವಾಗುತ್ತದೆ. ಈ ಪ್ರಾಣಿಯ ಬಗ್ಗೆ ಈಗ ಇನ್ನೊಂದು ಕುತೂಹಲವೂ ಸೇರಿಕೊಂಡಿದೆ. ಸೈಬೀರಿಯದ ಯಾಕುಟಿಯಾದಲ್ಲಿ 2020ರಲ್ಲಿ ಹೆಪ್ಪುಗಟ್ಟಿದ ನೆಲದಿಂದ ಸಿಕ್ಕ ಹೋಮೋಥೀರಿಯಂ ಮರಿಯೊಂದರ ವಿವರ 2024ರಲ್ಲಿ ಪ್ರಕಟವಾಯಿತು. ಸುಮಾರು ಮೂರು ವಾರದ ಆ ಮರಿಯು 35 ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಚರ್ಮ, ಕೂದಲು, ಮೀಸೆ, ಅಂಗಾಲುಗಳ ಸಮೇತ ಉಳಿದಿತ್ತು.

ಮೂರನೆಯದು ಥೈಲಕೋಸ್ಮೈಲಸ್. ಆಮೇಲಿನದು ನಿಮ್ಮ ಇಷ್ಟ.

ಅಸಲಿ ಬುರುಡೆಯನ್ನು ಕಾನೂನುಬದ್ಧವಾಗಿ ಕೊಳ್ಳಲು ಸಾಧ್ಯವೇ?

ಸಾಧ್ಯ, ಆದರೆ ದಾರಿ ಬಹಳ ಕಿರಿದು. ಬ್ರೆಜಿಲಿನಲ್ಲಿ ಪಳೆಯುಳಿಕೆಗಳು 1942ರಿಂದಲೂ ರಾಷ್ಟ್ರದ ಸ್ವತ್ತು. ಅರ್ಜೆಂಟೀನಾ, ಚೀನಾ, ದಕ್ಷಿಣ ಆಫ್ರಿಕಾಗಳಲ್ಲೂ ಬಿಗಿಯಾದ ಕಾನೂನುಗಳಿವೆ. ಎಂದರೆ ಪಾಪ್ಯುಲೇಟರ್, ಥೈಲಕೋಸ್ಮೈಲಸ್, ಚೀನಾದ ಮಖೈರೋಡಸ್ ಎಂಬ ಕತ್ತಿಹಲ್ಲಿನ ಬೆಕ್ಕು, ದಕ್ಷಿಣ ಆಫ್ರಿಕಾದ ಕರೂ ಬಯಲಿನ ಗೋರ್ಗೊನಾಪ್ಸಿಡ್ ಇವುಗಳ ಅಸಲಿ ಬುರುಡೆ ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ, ಅದು ಕದ್ದದ್ದೋ ನಕಲಿಯೋ ಇರಬಹುದೆಂಬ ಅನುಮಾನ ಮೊದಲು ಬರಬೇಕು.

ಉಳಿಯುವುದು ಮುಖ್ಯವಾಗಿ ಅಮೆರಿಕ. ಅಲ್ಲಿಯೂ ಸರ್ಕಾರಿ ಜಮೀನಿನ ಕಶೇರುಕ ಪಳೆಯುಳಿಕೆಗಳನ್ನು ಖಾಸಗಿಯವರು ಎತ್ತಿ ಮಾರುವಂತಿಲ್ಲ. ಖಾಸಗಿ ಜಮೀನಿನಲ್ಲಿ ಸಿಕ್ಕದ್ದು ಮಾತ್ರ ಜಮೀನುದಾರನಿಗೆ ಸೇರುತ್ತದೆ. ದಕ್ಷಿಣ ಡಕೋಟಾ ಮತ್ತು ನೆಬ್ರಾಸ್ಕಾಗಳ ವೈಟ್ ರಿವರ್ ಪದರಗಳಿಂದ ಬರುವ ಹಾಪ್ಲೋಫೋನಿಯಸ್ ಎಂಬ ನಿಮ್ರಾವಿಡ್‌ನ ಬುರುಡೆಗಳು ಮಾರುಕಟ್ಟೆಗೆ ಬರುವುದು ಈ ದಾರಿಯಿಂದ. ನನ್ನ ಬಳಿಯಿರುವ ಏಕೈಕ ಅಸಲಿ ಬುರುಡೆಯೂ ಅದೇ: 3 ಕೋಟಿ ವರ್ಷಕ್ಕೂ ಹಳೆಯದು, ಒಂದು ಗೇಣಿಗಿಂತ ಚಿಕ್ಕದು, ಬಲಗಡೆಯ ಕೆನ್ನೆಮೂಳೆ ಇಲ್ಲದ್ದು. ಕೆನ್ನೆಮೂಳೆ ಇಲ್ಲದ್ದರಿಂದಲೇ ನನ್ನ ಕೈಗೆ ಎಟುಕಿತು. ಪೂರ್ತಿ ಅಸ್ಥಿಪಂಜರಗಳ ಮಾತೇ ಬೇರೆ. 2020ರ ಡಿಸೆಂಬರಿನಲ್ಲಿ ಜಿನೀವಾದ ಹರಾಜೊಂದರಲ್ಲಿ ಸುಮಾರು 120 ಸೆಂಟಿಮೀಟರ್ ಉದ್ದದ ಹಾಪ್ಲೋಫೋನಿಯಸ್ ಅಸ್ಥಿಪಂಜರ ಸುಮಾರು 84 ಸಾವಿರ ಡಾಲರಿಗೆ ಹೋಯಿತು.

ಭಾರತದೊಳಗೆ ಶಿವಾಲಿಕ್‌ನಿಂದ ಬಂದದ್ದೆಂದು ಯಾರಾದರೂ ಹಲ್ಲು ಮಾರಲು ಬಂದರೆ ಕೊಳ್ಳಬೇಡಿ. ಭೂಪರಂಪರೆಯ ತಾಣಗಳು ಮತ್ತು ಪಳೆಯುಳಿಕೆಯಂಥ ಭೂ-ಅವಶೇಷಗಳ ರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯವು 2022ರಲ್ಲಿ ಕರಡು ಮಸೂದೆಯೊಂದನ್ನು ಪ್ರಕಟಿಸಿತ್ತು. ಕಾನೂನಿನ ಮಾತು ಹಾಗಿರಲಿ, ಬೆಟ್ಟದಿಂದ ಕಿತ್ತು ತಂದ ಒಂದು ಹಲ್ಲಿನ ಜೊತೆಗೆ ಅದರ ಪದರದ ಮಾಹಿತಿಯೆಲ್ಲ ಮಣ್ಣುಪಾಲಾಗಿರುತ್ತದೆ.

‘ಲಾ ಬ್ರಿಯಾದ ಅಸಲಿ ಬುರುಡೆ’ ಎಂದು ಜಾಹೀರಾತು ನೋಡಿದೆ. ನಂಬಬಹುದೇ?

ನಂಬಬೇಡಿ. ಲಾಸ್ ಏಂಜಲಿಸ್ ನಗರದ ನಡುವೆ ಇರುವ ಲಾ ಬ್ರಿಯಾದ ಡಾಂಬರಿನ ಕೆಸರಿನಲ್ಲಿ 2,000ಕ್ಕೂ ಹೆಚ್ಚು ಸ್ಮೈಲೋಡಾನ್‌ಗಳ ಎಲುಬು ಸಿಕ್ಕಿದೆ. ನೆಲದಿಂದ ಒಸರುವ ಡಾಂಬರಿನಲ್ಲಿ ಒಂದು ದೊಡ್ಡ ಸಸ್ಯಾಹಾರಿ ಸಿಕ್ಕಿಬೀಳುತ್ತಿತ್ತು, ಅದನ್ನು ತಿನ್ನಲು ಬಂದವೂ ಅಲ್ಲೇ ಸಿಲುಕುತ್ತಿದ್ದವು. ಆದ್ದರಿಂದಲೇ ಅಲ್ಲಿ ತಿನ್ನಿಸಿಕೊಂಡವುಗಳಿಗಿಂತ ತಿನ್ನುವವುಗಳ ಸಂಖ್ಯೆ ಹೆಚ್ಚು. ಹ್ಯಾನ್‌ಕಾಕ್ ಕುಟುಂಬವು 1924ರಲ್ಲಿ ಆ ಜಾಗವನ್ನು ಕೌಂಟಿ ಆಡಳಿತಕ್ಕೆ ಕೊಟ್ಟಿತು, 1977ರಲ್ಲಿ ಅಲ್ಲಿಯೇ ಸಂಗ್ರಹಾಲಯ ತೆರೆಯಿತು. ಅಲ್ಲಿನ ಎಲುಬುಗಳು ಸಂಶೋಧನೆಗಾಗಿ ಇರುವವು, ಅಂಗಡಿಗಾಗಿ ಅಲ್ಲ. ಡಾಂಬರು ಕುಡಿದ ಎಲುಬಿನ ಆ ಹೊಳೆವ ಕಡುಕಂದು ಬಣ್ಣವನ್ನು ಪ್ರತಿಕೃತಿಗೆ ಬಳಿಯುವುದು ಬಹಳ ಸುಲಭವೆಂಬುದೂ ನೆನಪಿರಲಿ.

ಅಸಲಿಯನ್ನೂ ನಕಲಿಯನ್ನೂ ಗುರುತಿಸುವುದು ಹೇಗೆ? ನೀವೂ ಮೋಸಹೋಗಿದ್ದೀರೆಂದು ಕೇಳಿದ್ದೇವೆ.

ಹೋಗಿದ್ದೇನೆ. ಅದೇ ಆ ಅರೆ ಅಸಲಿ. ವಿದೇಶದ ಮಾರಾಟಗಾರನೊಬ್ಬ ಮಖೈರೋಡಸ್ ಬುರುಡೆಯೆಂದು ಕಳಿಸಿದ ಚಿತ್ರಗಳನ್ನು ನೋಡಿ, ‘ಸಿಕ್ಕ ಸ್ಥಳ’ ಎಂಬಲ್ಲಿ ‘ಏಷ್ಯಾ’ ಎಂದಷ್ಟೇ ಬರೆದದ್ದು ಕಂಡರೂ ಕಾಣದಂತೆ ಮಾಡಿ, ನಿವೃತ್ತಿಯ ದುಡ್ಡಿನಲ್ಲಿ ಒಂದು ಪಾಲನ್ನು ಕಳಿಸಿಬಿಟ್ಟೆ. ಬುರುಡೆ ಬಂದ ಮೇಲೆ ಒಂದು ತಿಂಗಳು ಸಂಭ್ರಮವೋ ಸಂಭ್ರಮ. ಆಮೇಲೊಂದು ಸಂಜೆ ಬಲಗಡೆಯ ದವಡೆಹಲ್ಲುಗಳನ್ನು ಬ್ರಶ್ಶಿನಿಂದ ಒರೆಸುತ್ತಿದ್ದಾಗ ಮನಸ್ಸಿಗೆ ಕಸಿವಿಸಿಯಾಯಿತು. ಬೆಕ್ಕಿನ ಜಾತಿಯಲ್ಲಿ ಕೋರೆಯ ಹಿಂದಿನ ಹಲ್ಲುಗಳು ಮಾಂಸ ಕತ್ತರಿಸಲು ತೆಳ್ಳಗಿರಬೇಕು. ಇಲ್ಲಿದ್ದವು ಒರಳಿನ ಗುಂಡಿನಂತೆ ದಪ್ಪ, ಎಲುಬು ಜಜ್ಜಲು ಹೇಳಿಮಾಡಿಸಿದವು. ಅವು ಕತ್ತೆಕಿರುಬದ ಹಲ್ಲುಗಳು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ದಂತವೈದ್ಯೆ. ಅವರ ಕ್ಲಿನಿಕ್ಕಿಗೆ ಬುರುಡೆಯನ್ನು ಟವೆಲಿನಲ್ಲಿ ಸುತ್ತಿ ಒಯ್ದು, ರೋಗಿಗಳೆಲ್ಲ ಹೋದ ಮೇಲೆ ಎಕ್ಸ್‌ರೇ ತೆಗೆಸಿದೆ. “ಸರ್, ಈ ಹಲ್ಲಿಗೆ ಬೇರೂ ಇಲ್ಲ, ನರದ ನಾಳವೂ ಇಲ್ಲ, ಒಳಗೊಂದು ಕಬ್ಬಿಣದ ಸರಳಿದೆ” ಎಂದು ಅವರು ಪರದೆಯ ಮೇಲೆ ತೋರಿಸಿದರು. ಕತ್ತೆಕಿರುಬದ ಅಸಲಿ ಪಳೆಯುಳಿಕೆಗೆ ರೆಸಿನ್ನಿನಲ್ಲಿ ಕಡೆದ ಕತ್ತಿಹಲ್ಲನ್ನು ಸರಳಿನಿಂದ ಸಿಗಿಸಿ, ಸಂದಿಯನ್ನು ಎಲುಬಿನ ಪುಡಿ ಮತ್ತು ಅಂಟಿನಿಂದ ಮುಚ್ಚಿದ್ದರು. ಕೆಲಸದ ನಾಜೂಕನ್ನು ಮಾತ್ರ ಮೆಚ್ಚಲೇಬೇಕು. ನಮ್ಮ ಗುಡಿಗಾರರು ಗಂಧದ ಪೆಟ್ಟಿಗೆಯ ಮುಚ್ಚಳ ಕೂಡಿಸಿದಂತೆ ಕೂಡಿಸಿದ್ದರು.

ನನ್ನ ಸಮಾಧಾನಕ್ಕೆ ಒಂದು ಮಾತು: ಪಂಡಿತರೂ ಹೀಗೆ ಬಿದ್ದಿದ್ದಾರೆ. ಚೀನಾದ ಗಾನ್ಸು ಪ್ರಾಂತ್ಯದ ಲಿನ್‌ಶಿಯಾದಿಂದ ಬಂದ ಒಂದು ಬುರುಡೆಯನ್ನು ಅತಿ ಪುರಾತನ ಚೀತಾ ಎಂದು 2009ರಲ್ಲಿ ಹೆಸರಾಂತ ವಿಜ್ಞಾನಪತ್ರಿಕೆಯಲ್ಲಿ ವರ್ಣಿಸಲಾಗಿತ್ತು. ಅದು ತುಂಡುಗಳನ್ನು ಜೋಡಿಸಿ ಮಾಡಿದ್ದೆಂದು ತಿಳಿದು, 2012ರಲ್ಲಿ ಆ ಲೇಖನವನ್ನು ಹಿಂಪಡೆಯಬೇಕಾಯಿತು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಮುರಿದ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡುತ್ತೇನೆ. ನಿಜವಾದ ಮೂಳೆಯ ಒಳಗೆ ಬ್ರೆಡ್ಡಿನ ತುಂಡಿನಂತೆ ಸಣ್ಣ ಸಣ್ಣ ಗೂಡುಗಳಿರುತ್ತವೆ, ರೆಸಿನ್ನಿನಲ್ಲಿ ದುಂಡಗಿನ ಗಾಳಿಗುಳ್ಳೆಗಳಿರುತ್ತವೆ. ಕಣ್ಣಿನ ಕೆಳಗಿನ ನರದ ರಂಧ್ರಕ್ಕೆ ತೆಳುವಾದ ಹಿಡಿಕಡ್ಡಿಯನ್ನು ತೂರಿಸುತ್ತೇನೆ. ಕಡ್ಡಿ ಆಚೆ ಬರದಿದ್ದರೆ ಅದು ಅಲಂಕಾರಕ್ಕೆ ಕೊರೆದ ತೂತು. ಹಲ್ಲಿನ ಹೊಳಪಿನ ಪದರ ಮುಗಿದು ಬೇರು ಶುರುವಾಗುವ ಗೆರೆ ನಿಜವಾದ ಹಲ್ಲಿನಲ್ಲಿ ಕೈಬೆರಳಿಗೆ ತಾಗುತ್ತದೆ, ನಕಲಿಯಲ್ಲಿ ಬಣ್ಣದಿಂದ ಮಾತ್ರ ಕಾಣುತ್ತದೆ. ಕೊನೆಗೆ ರಾತ್ರಿ ದೀಪ ಆರಿಸಿ, ಅಂಗಡಿಯವರು ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಹಿಡಿಯುತ್ತೇನೆ. ಅಂಟು ಮತ್ತು ತೇಪೆ ಹಾಕಿದ ಕಡೆಗಳು ಮೂಳೆಗಿಂತ ಬೇರೆ ಬಣ್ಣದಲ್ಲಿ ಬೆಳಗುತ್ತವೆ. ತೇಪೆ ಇದ್ದ ಮಾತ್ರಕ್ಕೆ ಬುರುಡೆ ಕೆಟ್ಟದ್ದೆಂದಲ್ಲ. ತೇಪೆಯೇ ಇಲ್ಲದ ಪೂರ್ಣ ಬುರುಡೆ ಅಪರೂಪದಲ್ಲಿ ಅಪರೂಪ. ಎಷ್ಟು ಭಾಗ ಕೂಡಿಸಿದ್ದು ಎಂಬುದನ್ನು ಮಾರುವವನು ತಾನಾಗಿ ಬರೆದು ಕೊಡದಿದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಬೇಕು.

ನಮ್ಮ ಮಳೆಗಾಲದಲ್ಲಿ ಬುರುಡೆಗಳನ್ನು ಕಾಪಾಡುವುದು ಹೇಗೆ?

ಇದು ಬೇರೆ ಊರಿನವರು ಕೇಳದ, ನಮ್ಮವರು ತಪ್ಪದೆ ಕೇಳುವ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿಯಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕದ ಬೆನ್ನಿಗೂ ಬೂಷ್ಟು ಬರುವಾಗ ಬುರುಡೆಗೆ ಬಾರದೇ ಇರುತ್ತದೆಯೇ? ರೆಸಿನ್ ತಾನಾಗಿ ಬೂಷ್ಟು ಹಿಡಿಯುವುದಿಲ್ಲ; ಅದರ ಮೇಲೆ ಕುಳಿತ ಧೂಳು ಮತ್ತು ಕೈಯ ಜಿಡ್ಡು ಹಿಡಿಯುತ್ತದೆ. ಮಳೆ ಶುರುವಾಗುವ ಮೊದಲೇ ಒಣ ಬ್ರಶ್ಶಿನಿಂದ ಧೂಳು ತೆಗೆದು, ಗಾಜಿನ ಬಾಗಿಲಿನ ಕಪಾಟಿನಲ್ಲಿಟ್ಟು, ಸಿಲಿಕಾ ಜೆಲ್ ಚೀಲಗಳನ್ನು ಇಟ್ಟು ತಿಂಗಳಿಗೊಮ್ಮೆ ಒಣಗಿಸಿದರೆ ಸಾಕು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಪ್ರತಿಕೃತಿಗಳು ಮಾತ್ರ ತೇವ ಹೀರಿ ಪುಡಿ ಉದುರಿಸುತ್ತವೆ. ಕರಾವಳಿಯವರು ಅವುಗಳ ಗೊಡವೆಗೆ ಹೋಗದಿರುವುದು ಒಳ್ಳೆಯದು. ಕಾರವಾರದಲ್ಲಿದ್ದಾಗ ನನ್ನ ಮೊದಲ ಬುರುಡೆಯನ್ನು ಕೂರಿಸಿದ್ದ ಕಬ್ಬಿಣದ ಸ್ಟ್ಯಾಂಡ್ ಉಪ್ಪುಗಾಳಿಗೆ ತುಕ್ಕುಹಿಡಿದು, ತುಕ್ಕಿನ ಕಲೆ ದವಡೆಯ ಅಡಿಗೆ ಇಳಿದು ಇಂದಿಗೂ ಹೋಗಿಲ್ಲ. ಹಿತ್ತಾಳೆ ಅಥವಾ ಮರದ ಆಧಾರವೇ ವಾಸಿ.

ಅಡಿಕೆ ಡ್ರೈಯರಿನಲ್ಲಿಟ್ಟು ಒಣಗಿಸಬಹುದೇ ಎಂದು ಕೇಳುವವರಿಗೆ ಅನುಭವದಿಂದಲೇ ಹೇಳುತ್ತೇನೆ, ಬೇಡ. ಒಂದು ಆಷಾಢದಲ್ಲಿ ನಾನು ಬೆಂಗಳೂರಿಗೆ ಹೋಗಿದ್ದಾಗ, ಮನೆ ನೋಡಿಕೊಳ್ಳುತ್ತಿದ್ದ ತಮ್ಮ ಪಾಪ, ಬೂಷ್ಟು ಬಂತೆಂದು ಸ್ಮೈಲೋಡಾನನ್ನು ತೊಳೆದು, ಅಡಿಕೆಯ ಜೊತೆಗೆ ಡ್ರೈಯರಿನ ಜಾಲರಿಯ ಮೇಲೆ ಒಂದು ರಾತ್ರಿ ಮಲಗಿಸಿದ್ದ. ಬೆಳಿಗ್ಗೆ ನೋಡಿದರೆ ಎಡಗಡೆಯ ಕತ್ತಿಹಲ್ಲು ಮಿಟ್ಟಗ ಬಾಳೆಹಣ್ಣಿನಂತೆ ಹೊರಗೆ ಬಾಗಿತ್ತು. ರೆಸಿನ್ ಕಾವಿಗೆ ಮೆತ್ತಗಾಗುತ್ತದೆ, ತಣಿದಾಗ ಆದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಅದೇ ಗುಣದಿಂದ ಸರಿಪಡಿಸಲೂ ಬಂತು: ಹಲ್ಲನ್ನು ಮಾತ್ರ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಬಲಗಡೆಯದಕ್ಕೆ ಸರಿಯಾಗಿ ಹಿಡಿದು, ತಣ್ಣೀರು ಸುರಿದೆ. ಈಗಲೂ ಹತ್ತಿರದಿಂದ ನೋಡಿದರೆ ಎಡದ ಹಲ್ಲು ಸ್ವಲ್ಪ ಹೊರಗೆ ನೋಡುತ್ತದೆ.

ಅಸಲಿ ಬುರುಡೆಯ ತುಂಡು ಬಿಟ್ಟುಕೊಂಡರೆ ಮನೆಯಲ್ಲಿರುವ ಅಂಟನ್ನು ಹಚ್ಚಬೇಡಿ. ಸಂಗ್ರಹಾಲಯಗಳಲ್ಲಿ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಹರಳುಗಳನ್ನು ಅಸಿಟೋನಿನಲ್ಲಿ ಕರಗಿಸಿ ಬಳಸುತ್ತಾರೆ. ಮುಂದೆ ಬೇಕಾದಾಗ ಅಸಿಟೋನಿನಿಂದಲೇ ಅದನ್ನು ಬಿಡಿಸಬಹುದು. ಅದನ್ನೇ ಬುರುಡೆಯ ಅಡಿಯಲ್ಲಿ ಉಗುರಿನಗಲ ಬಳಿದು, ಒಣಗಿದ ಮೇಲೆ ಕಪ್ಪು ಶಾಯಿಯಲ್ಲಿ ಸಂಗ್ರಹಸಂಖ್ಯೆ ಬರೆಯಿರಿ. ಕಾಗದದ ಚೀಟಿಯನ್ನು ಗೆದ್ದಲು ತಿನ್ನುತ್ತದೆ. ನನ್ನ ಮೂರು ಚೀಟಿಗಳನ್ನು ತಿಂದೂ ಇದೆ.

ಅಷ್ಟುದ್ದದ ಹಲ್ಲು ಇಟ್ಟುಕೊಂಡು ಅದು ಬಾಯಿ ತೆರೆದು ಕಚ್ಚುತ್ತಿದ್ದದ್ದಾದರೂ ಹೇಗೆ?

ಈ ಪ್ರಶ್ನೆಗೆ ಮಾತಿಗಿಂತ ಬುರುಡೆಯೇ ಒಳ್ಳೆಯ ಉತ್ತರ. ಕೆಳದವಡೆಯ ಕೀಲನ್ನು ನೋಡಿ: ಸ್ಮೈಲೋಡಾನ್‌ನಲ್ಲಿ ಅದು ಕೆಳಗಿಳಿದಿದೆ, ದವಡೆ ಮುಚ್ಚುವ ಸ್ನಾಯು ಕಚ್ಚಿಕೊಳ್ಳುವ ಮೂಳೆಯ ಕೊಂಬು ಗಿಡ್ಡವಾಗಿದೆ. ಇದರಿಂದ ಬಾಯಿಯು ಸುಮಾರು 120 ಡಿಗ್ರಿಯವರೆಗೆ ತೆರೆಯುತ್ತಿತ್ತೆಂದು ಅಂದಾಜು. ಸಿಂಹದ ಬಾಯಿ 65 ರಿಂದ 70 ಡಿಗ್ರಿ ತೆರೆಯುತ್ತದೆ. ಆದರೆ ಆ ಕೊಂಬು ಗಿಡ್ಡವಾದಷ್ಟೂ ಹಿಡಿತದ ಬಲ ಕಡಿಮೆ, ಅಂದರೆ ಸ್ಮೈಲೋಡಾನ್‌ನ ಕಚ್ಚು ಸಿಂಹದ ಕಚ್ಚಿಗಿಂತ ದುರ್ಬಲ. ಆ ಕೊರತೆಯನ್ನು ತುಂಬಿದ್ದು ಕುತ್ತಿಗೆ ಮತ್ತು ಮುಂಗಾಲುಗಳು. ಕಿವಿಯ ಹಿಂದಿನ ಮೂಳೆಯುಬ್ಬನ್ನು ಮುಟ್ಟಿನೋಡಿ, ತಲೆಯನ್ನು ಕೆಳಕ್ಕೆ ಎಳೆಯುವ ಸ್ನಾಯುಗಳು ಹಿಡಿದುಕೊಂಡಿದ್ದ ಜಾಗ ಅದು. ಬಲವಾದ ಮುಂಗಾಲುಗಳಿಂದ ಬೇಟೆಯನ್ನು ನೆಲಕ್ಕೆ ಅದುಮಿ, ಅಲುಗಾಡದಂತೆ ಮಾಡಿದ ಮೇಲೆ ಗಂಟಲಿಗೆ ಹಲ್ಲು ಇಳಿಸುತ್ತಿತ್ತು. ಅಡಿಕೆ ಸುಲಿಯುವವರು ಮೆಟ್ಟುಗತ್ತಿಯನ್ನು ಬೀಸುವುದಿಲ್ಲ, ಕತ್ತಿಯನ್ನು ಕಾಲಿನಡಿ ಭದ್ರಮಾಡಿಕೊಂಡು ಕೈಯ ಬಲವನ್ನು ಹಾಕುತ್ತಾರೆ. ಇಲ್ಲಿಯೂ ಬಲವೆಲ್ಲ ಅಲುಗಿನದಲ್ಲ, ಅದನ್ನು ನಡೆಸುವ ಮೈಯದು.

ಪಕ್ಕದಿಂದ ತಾಗಿದರೆ ಮುರಿಯುವ ಹಲ್ಲಾದ್ದರಿಂದ ಎಲುಬಿಗೆ ತಾಗಿಸುವುದು ಅಪಾಯಕರವಾಗಿತ್ತು. ಹೀಗಿದ್ದೂ ಅರ್ಜೆಂಟೀನಾದ ಎರಡು ಸ್ಮೈಲೋಡಾನ್ ಬುರುಡೆಗಳ ಹಣೆಯ ಮೇಲ್ಭಾಗದಲ್ಲಿ ಅವುಗಳದೇ ಜಾತಿಯ ಕೋರೆಹಲ್ಲು ಹೊಕ್ಕಂತಹ ತೂತುಗಳಿವೆ ಎಂದು 2019ರಲ್ಲಿ ಸಂಶೋಧಕರು ವರ್ಣಿಸಿದ್ದಾರೆ. ಜಗಳ ಬಂದಾಗ ಹಲ್ಲಿನ ಚಿಂತೆ ಯಾರಿಗಿರುತ್ತದೆ?

ಮರಿಗಳಿಗೂ ಕತ್ತಿಹಲ್ಲು ಇರುತ್ತಿತ್ತೇ?

ಇರುತ್ತಿತ್ತು. ಹಾಲುಹಲ್ಲಿನ ಕತ್ತಿ ಬೇರೆ, ಶಾಶ್ವತ ಕತ್ತಿ ಬೇರೆ. ಶಾಶ್ವತ ಹಲ್ಲು ತಿಂಗಳಿಗೆ ಸುಮಾರು 6 ಮಿಲಿಮೀಟರ್ ಬೆಳೆಯುತ್ತಿತ್ತು, ಮತ್ತು ಕೆಲವು ತಿಂಗಳ ಕಾಲ ಎರಡೂ ಒಟ್ಟಿಗೆ ಬಾಯಲ್ಲಿರುತ್ತಿದ್ದವು. ಲಾ ಬ್ರಿಯಾದ ಮರಿಯೊಂದರ ಮೇಲ್ದವಡೆಯ ಪ್ರತಿಕೃತಿ ನನ್ನಲ್ಲಿದೆ. ಒಂದರ ಹಿಂದೆ ಒಂದು ಜೋಡಿ ಹಲ್ಲು ನಿಂತದ್ದನ್ನು ನೋಡಿ ಮಕ್ಕಳು ತಮ್ಮ ಅಲುಗಾಡುವ ಹಲ್ಲನ್ನು ಮುಟ್ಟಿಕೊಳ್ಳುತ್ತಾರೆ.

ನಮ್ಮ ಅಜ್ಜನ ಕಾಲದ ಹುಲಿಬುರುಡೆ ಅಟ್ಟದ ಮೇಲಿದೆ. ನಿಮ್ಮ ಸಂಗ್ರಹಕ್ಕೆ ಕೊಡಬಹುದೇ?

ದಯವಿಟ್ಟು ತರಬೇಡಿ, ಚಿತ್ರವನ್ನೂ ಕಳಿಸಬೇಡಿ. ಹುಲಿ, ಚಿರತೆಗಳ ಬುರುಡೆ, ಉಗುರು, ಚರ್ಮ ಯಾವುದನ್ನೂ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದಿದ್ದರೆ ವಕೀಲರೊಬ್ಬರನ್ನು ಕೇಳಿ ಅರಣ್ಯ ಇಲಾಖೆಗೆ ಒಪ್ಪಿಸುವುದೇ ದಾರಿ. ಕಾರವಾರ, ಅಂಕೋಲಾದ ಕಡಲತೀರಕ್ಕೆ ಸತ್ತು ಬರುವ ಡಾಲ್ಫಿನ್‌ನ ಬುರುಡೆಗೂ ಇದೇ ನಿಯಮ. ಹಲ್ಲು ಉದ್ದವಿದೆಯೋ ಗಿಡ್ಡವಿದೆಯೋ ಎಂಬುದು ಕಾನೂನಿಗೆ ಮುಖ್ಯವಲ್ಲ.

ಇದೇ ಕಾರಣಕ್ಕೆ ವಿದೇಶದಿಂದ ಪ್ರತಿಕೃತಿ ತರಿಸುವಾಗ ಬಿಲ್ಲಿನಲ್ಲಿಯೂ ಪೆಟ್ಟಿಗೆಯ ಮೇಲೆಯೂ ‘ರೆಸಿನ್ನಿನ ಪ್ರತಿಕೃತಿ, ಪ್ರಾಣಿಯ ಯಾವ ಭಾಗವೂ ಇಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಯಂತ್ರದ ಪರದೆಯ ಮೇಲೆ ಬುರುಡೆಯ ಆಕಾರ ಕಂಡಾಗ ಅಧಿಕಾರಿಗಳು ತಡೆಯುವುದು ಸಹಜ. ನನ್ನ ಪಾರ್ಸೆಲ್ ಒಂದು 19 ದಿನ ನಿಂತಿತ್ತು.

ಮನೆಯಲ್ಲಿ ಬುರುಡೆ ಇಡುವುದು ಅಶುಭವಲ್ಲವೇ?

ಹುಲಿಯನ್ನೇ ದೇವರೆಂದು ಕಲ್ಲು ನೆಟ್ಟು ಪೂಜಿಸುವ ಸೀಮೆಯವರು ನಾವು. ಆದರೂ ನನ್ನ ತಾಯಿಗೆ ಹಿಡಿಸಲಿಲ್ಲ, ಆದ್ದರಿಂದ ದೇವರಕೋಣೆಗೆ ಬೆನ್ನು ಮಾಡಿರುವ ಗೋಡೆಯಲ್ಲಿ ಕಪಾಟು ಇಟ್ಟಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಬಳಿ ಏನೂ ಇಲ್ಲ.

ಮಾರುತ್ತೀರಾ?

ಇಲ್ಲ. ಶಾಲೆಗಳಿಗೆ ಒಂದು ವಾರದ ಮಟ್ಟಿಗೆ ಪ್ರತಿಕೃತಿಗಳನ್ನು ಎರವಲು ಕೊಡುತ್ತೇನೆ. ಹತ್ತಿಬಟ್ಟೆಯಲ್ಲಿ ಸುತ್ತಿ, ಕೋರೆಹಲ್ಲಿಗೆ ಭಾರ ಬೀಳದಂತೆ ತಲೆಕೆಳಗಾಗಿ ಇಟ್ಟು ಒಯ್ಯಬೇಕೆಂಬುದೊಂದೇ ಷರತ್ತು. ಆ ಅರೆ ಅಸಲಿಯನ್ನೂ ಕೇಳಿದವರಿಗೆ ಕೊಡುತ್ತೇನೆ, ಅದರ ಎಕ್ಸ್‌ರೇ ಫಿಲ್ಮಿನ ಸಮೇತ.

ನೋಡಲು ಬಂದಾಗ ಮುಟ್ಟಬಹುದೇ?

ಅಸಲಿಯೊಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಬಹುದು. ಕಣ್ಣು ಮುಚ್ಚಿ ಥೈಲಕೋಸ್ಮೈಲಸ್‌ನಿಂದ ಶುರುಮಾಡಿ. ಕತ್ತಿಹಲ್ಲಿನ ತುದಿಯಿಂದ ಬೆರಳನ್ನು ಮೇಲಕ್ಕೆ ಜಾರಿಸುತ್ತ ಹೋದರೆ ಹಲ್ಲು ವಸಡಿನಲ್ಲಿ ಮುಗಿಯುವುದಿಲ್ಲ. ಜೀವಮಾನವಿಡೀ ಬೆಳೆಯುತ್ತಿದ್ದ ಆ ಹಲ್ಲಿನ ಬೇರು ಮೂಳೆಯ ಕೆಳಗೆ ಉಬ್ಬಿಕೊಂಡು, ಕಣ್ಣಿನ ಗೂಡಿನ ಮೇಲಿಂದ ಹಾದು, ನೆತ್ತಿಯ ಕಡೆಗೆ ಸಾಗುತ್ತದೆ. ಇನ್ನೊಂದು ಕೈಯಿಂದ ಕೆಳದವಡೆ ಹಿಡಿದರೆ, ಬಾಯಿ ಮುಚ್ಚಿದಾಗ ಆ ಹಲ್ಲನ್ನು ಒರೆಯಂತೆ ಕಾಯುತ್ತಿದ್ದ ಮೂಳೆಯ ಚಾಚು ಅಂಗೈಗೆ ಸಿಗುತ್ತದೆ. ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲು ಹುಡುಕಬೇಡಿ, ಅದು ಇಲ್ಲ. ಎರಕದಲ್ಲಿ ಮುರಿದುಹೋಯಿತೇ ಎಂದು ಎಲ್ಲರೂ ಗಾಬರಿಯಾಗುತ್ತಾರೆ. ಆ ಪ್ರಾಣಿ ಇದ್ದದ್ದೇ ಹಾಗೆ.